ರಾಗಿಯ ಬಯಲು, ಭತ್ತದ ಗದ್ದೆ: ಮುಪ್ಪಿನ ಕಸುವಿನ ಚರಿತ್ರೆ

ಇಂದಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಕಡೂರು ಜಿಲ್ಲೆಯೆಂಬ ಹೆಸರಿತ್ತು. ಅದರ ಪೂರ್ವ ಭಾಗದಲ್ಲಿ, ಬಾಬಾಬುಡನ್‌ಗಿರಿ ಸಾಲಿನ ಮಳೆನೆರಳಿಗೆ ಸಿಕ್ಕಿದ ಕಡೂರು ಮತ್ತು ಅಜ್ಜಂಪುರದ ಬಯಲು ರಾಗಿ, ಹುರಳಿ, ಹುಚ್ಚೆಳ್ಳುಗಳನ್ನು ನಂಬಿ ಬದುಕಿದರೆ, ಗದ್ದೆ ಮತ್ತು ಅಡಿಕೆ ತೋಟಗಳ ತರೀಕೆರೆ ಸೀಮೆಯಲ್ಲಿ ಅನ್ನಕ್ಕೆ ಹೆಚ್ಚಿನ ಸ್ಥಾನವಿತ್ತು. ನೆರೆಹೊರೆಯ ಈ ಎರಡು ಊಟಗಳು ವಯಸ್ಸಾದವರ ಮೂಳೆ, ಸ್ನಾಯು, ನರಗಳಿಗೆ ಏನನ್ನು ಕೊಟ್ಟವು, ಏನನ್ನು ಕೊಡಲಿಲ್ಲ ಎಂಬುದನ್ನು ತಿಳಿಯಲು ಪೋಷಣಶಾಸ್ತ್ರ ಬೆಳೆಯುವವರೆಗೆ ಕಾಯಬೇಕಾಯಿತು.

ರಾಗಿಯ ಕಾಳು ತೀರ ಸಣ್ಣದಾದ್ದರಿಂದ ಸಿಪ್ಪೆ ತೆಗೆಯುವ ಗೋಜಿಗೆ ಹೋಗದೆ ಬೀಸುವ ಕಲ್ಲಿನಲ್ಲಿ ಇಡಿಯಾಗಿಯೇ ಹಿಟ್ಟು ಮಾಡುತ್ತಿದ್ದುದರಿಂದ, 100 ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂನಷ್ಟಿರುವ ಕ್ಯಾಲ್ಸಿಯಂ, ನಾರು ಮತ್ತು ಸಿಪ್ಪೆಯಲ್ಲಿರುವ ಜೀವಸತ್ವಗಳು ತಟ್ಟೆಯವರೆಗೂ ಬರುತ್ತಿದ್ದವು. ಕುದಿಯುವ ಎಸರಿಗೆ ಹಿಟ್ಟು ಸುರಿದು, ಬೆಂದ ಮೇಲೆ ಗಂಟು ಕಟ್ಟದಂತೆ ಕೋಲಿನಿಂದ ತಿರುವಿ, ಕೈ ಒದ್ದೆ ಮಾಡಿಕೊಂಡು ಉಂಡೆ ಕಟ್ಟುವ ಮುದ್ದೆಯನ್ನು ಅಗಿಯುವಂತಿಲ್ಲ. ಬಸ್ಸಾರಿನಲ್ಲೋ ಹುರಳಿ ಸಾರಿನಲ್ಲೋ ಅದ್ದಿ ನುಂಗಬೇಕು. ಹಲ್ಲು ಬಿದ್ದ ಅಜ್ಜ ಅಜ್ಜಿಯರು ಮನೆಮಂದಿಯೊಂದಿಗೆ ಅದೇ ಊಟವನ್ನು ಹೊಟ್ಟೆತುಂಬ ಉಣ್ಣಲು ಸಾಧ್ಯವಾದದ್ದು ಇದರಿಂದ, ಮತ್ತು ಈ ಅನುಕೂಲವನ್ನು ಪೋಷಕಾಂಶದ ಕೋಷ್ಟಕಗಳು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಅಕ್ಕಿಯ ಕಥೆ ಬೇರೆ. ಒನಕೆಯಲ್ಲಿ ಕುಟ್ಟಿದ ಅಕ್ಕಿಯಲ್ಲಿ ತವುಡಿನ ಅಂಶ ಒಂದಿಷ್ಟು ಉಳಿಯುತ್ತಿತ್ತು. ಗಿರಣಿಯ ಪಾಲಿಶ್ ಅದನ್ನು ಉಜ್ಜಿ ತೆಗೆಯಿತು. ನರಗಳನ್ನು ಕುಂದಿಸುವ ಬೆರಿಬೆರಿ ರೋಗಕ್ಕೂ ಪಾಲಿಶ್ ಅಕ್ಕಿಗೂ ಇರುವ ನಂಟನ್ನು 1890ರ ದಶಕದಲ್ಲಿ ಜಾವಾದಲ್ಲಿ ವೈದ್ಯ ಐಕ್‌ಮನ್ ಗುರುತಿಸಿದನು. ತವುಡಿನೊಂದಿಗೆ ಕಳೆದುಹೋಗುವ ಇಂಥ ಅತ್ಯಲ್ಪ ಪ್ರಮಾಣದ ಅಗತ್ಯ ದ್ರವ್ಯಗಳಿಗೆ 1912ರಲ್ಲಿ ವಿಜ್ಞಾನಿ ಫಂಕ್ ವಿಟಮಿನ್ ಎಂಬ ಹೆಸರು ಕೊಟ್ಟನು. ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಭಾರತದ ಬೇರೆಬೇರೆ ಪ್ರಾಂತಗಳ ಊಟವನ್ನು ಇಲಿಗಳಿಗೆ ಉಣಿಸಿ ನೋಡಿದಾಗ, ಗೋಧಿ, ಹಾಲು, ಸೊಪ್ಪುಗಳ ಊಟದವು ಪುಷ್ಟವಾಗಿಯೂ ಅಕ್ಕಿಯೇ ಪ್ರಧಾನವಾದ ಊಟದವು ಬಡಕಲಾಗಿಯೂ ಬೆಳೆದವು.

ಹಾಗೆಂದು ಹಿಂದಿನ ಕಾಲವನ್ನು ಆರೋಗ್ಯದ ಸುವರ್ಣಯುಗವೆಂದು ಹೊಗಳುವುದು ಚರಿತ್ರೆಗೆ ಒಪ್ಪುವ ಮಾತಲ್ಲ. 1876–78ರ ಕ್ಷಾಮದಿಂದಾಗಿ ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ ಸುಮಾರು 50 ಲಕ್ಷವಿದ್ದದ್ದು 1881ಕ್ಕೆ ಸುಮಾರು 42 ಲಕ್ಷಕ್ಕೆ ಇಳಿಯಿತು. ಎಂಬತ್ತರಲ್ಲೂ ನೇಗಿಲು ಹಿಡಿದ ಮುದುಕರ ಸುದ್ದಿ ನಿಜವಿದ್ದರೂ, ಅವರು ಸಾವಿನ ಜರಡಿಯಲ್ಲಿ ಉಳಿದ ಕೆಲವರು. ಹಾಲಿನ ವಿಷಯವೂ ಅಷ್ಟೆ: ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿಯಿಂದ ಬೆಳೆದು ಟಿಪ್ಪುವಿನಿಂದ ಹೊಸ ಹೆಸರು ಪಡೆದ ಅಮೃತಮಹಲ್ ರಾಸುಗಳ ತಳಿ ಸಂವರ್ಧನಾ ಕೇಂದ್ರ ಅಜ್ಜಂಪುರದಲ್ಲೇ ಇದ್ದರೂ, ಆ ತಳಿಯ ಖ್ಯಾತಿ ತೋಪಿನ ಗಾಡಿ ಎಳೆದ ಎತ್ತುಗಳದ್ದು, ಹಸುಗಳ ಹಾಲು ಕಡಿಮೆ.

ಹಾಲಿನ ಈ ಮಾತಿಗೆ ಮಹತ್ವವಿರುವುದು ನರಗಳಿಗೆ ಬೇಕಾದ ಬಿ12 ಜೀವಸತ್ವದಿಂದಾಗಿ. 1948ರಲ್ಲಿ ಬೇರ್ಪಡಿಸಲಾದ ಇದು ಹಾಲು, ಮೊಟ್ಟೆ, ಮೀನು, ಮಾಂಸಗಳಲ್ಲಿ ಇರುತ್ತದೆ. ರಾಗಿಯಲ್ಲಾಗಲಿ ಹುರಳಿಯಲ್ಲಾಗಲಿ ಇಲ್ಲ, ಮತ್ತು ಜಠರದ ಆಮ್ಲ ಕುಗ್ಗುವ ಮುಪ್ಪಿನಲ್ಲಿ ಆಹಾರದಿಂದ ಅದನ್ನು ಹೀರಿಕೊಳ್ಳುವುದು ಕಷ್ಟವಾಗುತ್ತದೆ. ರಾಗಿಯ ಕ್ಯಾಲ್ಸಿಯಂ ಮೂಳೆಗೆ ಸೇರಲು ಬೇಕಾದ ಡಿ ಜೀವಸತ್ವವೂ ಕಾಳಿನದಲ್ಲ, ಬಿಸಿಲಿನದು. ಕಣದ ಕೆಲಸ, ದನ ಕಾಯುವುದು ಅದನ್ನು ಒದಗಿಸುತ್ತಿದ್ದವಲ್ಲದೆ, ವಯಸ್ಸಿನೊಂದಿಗೆ ಸ್ನಾಯು ಕರಗುವುದನ್ನೂ ತಕ್ಕಮಟ್ಟಿಗೆ ತಡೆಯುತ್ತಿದ್ದವು. ಈ ಕರಗುವಿಕೆಗೆ ಸಾರ್ಕೊಪೀನಿಯಾ ಎಂಬ ಹೆಸರು ಬಂದದ್ದು 1989ರಲ್ಲಿ.

1960ರ ದಶಕದಲ್ಲಿ ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನಿಂದ ನೀರು ಹರಿಯಿತು, ಮುಂದೆ ಪಡಿತರದ ಅಕ್ಕಿ ಬಯಲಿನ ಮನೆಗಳಿಗೂ ಬಂತು, ಹೊಲಗಳಿಗೆ ಯಂತ್ರಗಳು ಇಳಿದವು. ಹಸಿವು ಹಿಂಗಿದ್ದು ದೊಡ್ಡ ಲಾಭವೇ. ಆದರೆ ಬಿಸಿಲು ಮತ್ತು ದುಡಿಮೆ ಹಿರಿಯರಿಂದ ದೂರವಾದವು. ಮುದ್ದೆಗೆ ಮರಳಿದ ಮಾತ್ರಕ್ಕೆ ಇವು ತುಂಬಿಬರುವುದಿಲ್ಲ. ಪಾದದ ಜೋಮು, ನಡಿಗೆಯ ತೂಕ ತಪ್ಪುವುದು, ಕುಳಿತಲ್ಲಿಂದ ಏಳಲು ಆಗದಿರುವುದು ಕಂಡಾಗ ವಯಸ್ಸಾಯಿತೆಂದು ಸುಮ್ಮನಾಗದೆ, ಹಿರಿಯರನ್ನು ವೈದ್ಯರಲ್ಲಿಗೆ ಕರೆದೊಯ್ದು ಬಿ12 ಮತ್ತು ಡಿ ಜೀವಸತ್ವಗಳ ರಕ್ತಪರೀಕ್ಷೆಯ ಬಗ್ಗೆ ವಿಚಾರಿಸಬೇಕು.