ಆಕ್ಚುವರಿ ವೃತ್ತಿಯಲ್ಲಿ ಉದ್ಯೋಗಾನ್ವೇಷಣೆ

ಸಾವು, ಕಾಯಿಲೆ, ಅಪಘಾತ, ನಿವೃತ್ತಿ ಮೊದಲಾದವು ತಂದೊಡ್ಡುವ ಹಣಕಾಸಿನ ಹೊಣೆಯನ್ನು ಸಂಭವನೀಯತೆ, ಸಂಖ್ಯಾಶಾಸ್ತ್ರ ಮತ್ತು ಚಕ್ರಬಡ್ಡಿಯ ಲೆಕ್ಕಗಳಿಂದ ಅಂದಾಜು ಮಾಡುವ ತಜ್ಞರನ್ನು ಆಕ್ಚುವರಿ ಅಥವಾ ವಿಮಾಗಣಿತಜ್ಞ ಎನ್ನುತ್ತಾರೆ. ಭಾರತದಲ್ಲಿ ಈ ವೃತ್ತಿಯ ನಿಯಂತ್ರಣ 2006ರ ಆಕ್ಚುವರಿಗಳ ಕಾಯಿದೆಯಡಿ ರಚಿತವಾದ ಇನ್‌ಸ್ಟಿಟ್ಯೂಟ್ ಆಫ್ ಆಕ್ಚುವರೀಸ್ ಆಫ್ ಇಂಡಿಯಾಕ್ಕೆ ಸೇರಿದ್ದು, 1944ರಲ್ಲಿ ಹುಟ್ಟಿದ ಆಕ್ಚುವೇರಿಯಲ್ ಸೊಸೈಟಿ ಆಫ್ ಇಂಡಿಯಾ ಅದರ ಪೂರ್ವರೂಪವಾಗಿತ್ತು.

ಎಲ್ಲ ಪರೀಕ್ಷೆಗಳನ್ನೂ ಮುಗಿಸಿಕೊಂಡು ಆಮೇಲೆ ಕೆಲಸ ಹುಡುಕುವ ಕ್ರಮ ಈ ಕ್ಷೇತ್ರಕ್ಕೆ ಒಗ್ಗುವುದಿಲ್ಲ. ಫೆಲೋ, ಅಂದರೆ ಪೂರ್ಣ ಅರ್ಹತೆಯ ಸದಸ್ಯ, ಎನಿಸಿಕೊಳ್ಳಲು ಹಲವು ವರ್ಷಗಳು ಹಿಡಿಯುವುದರಿಂದ ಬಹುತೇಕರು ಪ್ರವೇಶ ಪರೀಕ್ಷೆಯ ನಂತರ ಕೆಲವು ಪತ್ರಿಕೆಗಳನ್ನಷ್ಟೇ ಪಾಸು ಮಾಡಿ ಕೆಲಸಕ್ಕೆ ಸೇರುತ್ತಾರೆ, ಉಳಿದವನ್ನು ದುಡಿಯುತ್ತಲೇ ಬರೆಯುತ್ತಾರೆ. ಅನುಭವವಿಲ್ಲದೆ ಪತ್ರಿಕೆಗಳನ್ನೇ ಪೇರಿಸಿಕೊಂಡವರಿಗೆ ಮೊದಲ ಕೆಲಸ ಸುಲಭವಾಗುವ ಬದಲು ಕೆಲವೊಮ್ಮೆ ಕಷ್ಟವೇ ಆಗುತ್ತದೆ. ಹೊಸಬರ ಹುದ್ದೆಗೆ ಅವರ ಅರ್ಹತೆ ಹೆಚ್ಚಾಯಿತು, ಅನುಭವಿಗಳ ಹುದ್ದೆಗೆ ಕಡಿಮೆಯಾಯಿತು ಎಂಬ ಇಕ್ಕಟ್ಟು ಅದು.

ಎಲ್ಲೆಲ್ಲಿ ಹುಡುಕಬೇಕೆಂಬುದನ್ನು ಕಾನೂನು ಬಹುಮಟ್ಟಿಗೆ ತೀರ್ಮಾನಿಸಿದೆ. 1999ರ ವಿಮಾ ನಿಯಂತ್ರಣ ಕಾಯಿದೆಯ ನಂತರ ಖಾಸಗಿ ಕಂಪನಿಗಳು ಬಂದು, ವಿಮಾ ಕಂಪನಿಗಳಿಗೆ 'ನೇಮಿತ ಆಕ್ಚುವರಿ' ಕಡ್ಡಾಯವಾದ ಮೇಲೆ ಬೇಡಿಕೆ ಏರಿತು. ಮರುವಿಮೆಯ ಸಂಸ್ಥೆಗಳು, ಅಂದರೆ ವಿಮಾ ಕಂಪನಿಗಳಿಗೇ ವಿಮೆ ಕೊಡುವವು, ಹಾಗೂ ನೌಕರರ ಗ್ರಾಚ್ಯುಟಿಯ ಹೊಣೆಯನ್ನು ಲೆಕ್ಕಹಾಕಿ ಕೊಡುವ ಸಲಹಾ ಸಂಸ್ಥೆಗಳು ಇನ್ನೆರಡು ನೆಲೆಗಳು. ಮುಂಬಯಿ ವಿಮಾ ಕಂಪನಿಗಳ ಪ್ರಧಾನ ಕಚೇರಿಗಳ ಊರಾದರೆ, ಬೆಂಗಳೂರಿನಲ್ಲಿ ಸ್ವಿಸ್ ರೀಯಂತಹ ಬಹುರಾಷ್ಟ್ರೀಯ ಸಂಸ್ಥೆಗಳ ಕಚೇರಿಗಳಿವೆ. ಇಂತಹ ಕಚೇರಿಗಳಲ್ಲಿ ಕೂತವರು ಬೇರೆ ದೇಶದ ಪಾಲಿಸಿದಾರರ ಲೆಕ್ಕ ನೋಡುವುದೂ ಉಂಟಾದ್ದರಿಂದ, ಯಾವ ದೇಶದ ನಿಯಮಗಳಡಿ ಕೆಲಸ ಮಾಡಬೇಕೆಂಬುದನ್ನು ಅರ್ಜಿದಾರರು ಮೊದಲೇ ವಿಚಾರಿಸಿಕೊಳ್ಳುವುದು ಜಾಣತನ.

ಸಂದರ್ಶನದಲ್ಲಿ ಸೂತ್ರ ಒಪ್ಪಿಸಿದರೆ ಸಾಲದು. ಮರಣ ಕೋಷ್ಟಕ, ಅಂದರೆ ನಿರ್ದಿಷ್ಟ ವಯಸ್ಸಿನವರು ಮುಂದಿನ ಹುಟ್ಟುಹಬ್ಬದೊಳಗೆ ಸಾಯುವ ಸಂಭವವನ್ನು ವಯಸ್ಸುವಾರು ಕೊಡುವ ಪಟ್ಟಿ, ಕೈಗಿತ್ತರೆ ಹತ್ತು ವರ್ಷದ ಅವಧಿ ವಿಮೆಯ ಕಂತನ್ನು ಎಕ್ಸೆಲ್‌ನಲ್ಲಿ ಕಟ್ಟಿ ತೋರಿಸಬಲ್ಲವರು, ಬಡ್ಡಿದರ ಇಳಿದರೆ ಕಂತು ಏಕೆ ಏರುತ್ತದೆಂದು ಗಣಿತ ತಿಳಿಯದವರಿಗೂ ಬಿಡಿಸಿ ಹೇಳಬಲ್ಲವರು ಮುಂದಾಗುತ್ತಾರೆ. ಇನ್‌ಸ್ಟಿಟ್ಯೂಟಿನ ಪಠ್ಯಕ್ರಮವೇ ಎಕ್ಸೆಲ್ ಮತ್ತು ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಪ್ರಾಯೋಗಿಕ ಪತ್ರಿಕೆಗಳನ್ನು ಒಳಗೊಂಡಿದೆ.

ಜೀವವಿಮೆ, ಸಾಮಾನ್ಯ ವಿಮೆ, ಪಿಂಚಣಿ ಇವುಗಳಲ್ಲಿ ಮೊದಲ ಕೆಲಸ ಯಾವುದರಲ್ಲಿ ಸಿಗುತ್ತದೋ ಮುಂದಿನ ವಿಶೇಷ ಪತ್ರಿಕೆಗಳ ಆಯ್ಕೆಯೂ ಸಾಮಾನ್ಯವಾಗಿ ಅದರತ್ತಲೇ ವಾಲುತ್ತದೆ. ಆದ್ದರಿಂದ ಸಂಬಳಕ್ಕಿಂತ ವಿಭಾಗವನ್ನು, ಪರೀಕ್ಷಾ ಶುಲ್ಕ ಮತ್ತು ಓದಿನ ರಜೆಯ ಷರತ್ತುಗಳನ್ನು ಮೊದಲು ನೋಡಬೇಕಾಗುತ್ತದೆ.