ಮಂಡಕ್ಕಿ ಊರಿನಲ್ಲಿ ಫಾಸ್ಫರಸ್ ಪಥ್ಯ

1943ರಲ್ಲಿ ನೆದರ್‌ಲ್ಯಾಂಡ್ಸ್‌ನ ವಿಲೆಮ್ ಕೋಲ್ಫ್ ಕೃತಕ ಮೂತ್ರಪಿಂಡವನ್ನು ಮೊದಲ ಸಲ ರೋಗಿಗೆ ಜೋಡಿಸಿದರು. 1960ರಲ್ಲಿ ಸಿಯಾಟಲ್‌ನ ಬೆಲ್ಡಿಂಗ್ ಸ್ಕ್ರಿಬ್ನರ್ ರೋಗಿಯ ತೋಳಿನಲ್ಲೇ ಉಳಿಯುವ ಟೆಫ್ಲಾನ್ ಕೊಳವೆ ಕೂರಿಸಿ, ವರ್ಷಗಟ್ಟಲೆ ಡಯಾಲಿಸಿಸ್ ಮಾಡಲು ದಾರಿ ಮಾಡಿಕೊಟ್ಟರು. ಜನ ಹೀಗೆ ಬದುಕುಳಿದ ಮೇಲೆಯೇ, ಕೆಟ್ಟ ಮೂತ್ರಪಿಂಡ ಹೊರಹಾಕಲಾರದೆ ಮೈಯಲ್ಲಿ ಉಳಿಯುವ ಫಾಸ್ಫರಸ್‌ನ ಕಾಟ ಬಯಲಾದದ್ದು: ಬಿಡದ ತುರಿಕೆ, ಸವೆಯುವ ಮೂಳೆ, ರಕ್ತನಾಳದಲ್ಲಿ ಕೂರುವ ಸುಣ್ಣ.

ಮೊದಲು ಕೊಟ್ಟ ಮದ್ದು ಅಲ್ಯೂಮಿನಿಯಂ ಹೈಡ್ರಾಕ್ಸೈಡ್. ಅದು ಫಾಸ್ಫೇಟನ್ನು ಕರುಳಲ್ಲೇ ಹಿಡಿದು ಹೊರಹಾಕುತ್ತಿತ್ತು, ನಿಜ. ಆದರೆ 1976ರಲ್ಲಿ ಅಮೆರಿಕದ ಆಲ್‌ಫ್ರೆ ಮತ್ತು ಸಂಗಡಿಗರು, ಮಾತು ತೊದಲಿ ಬುದ್ಧಿ ಮಂಕಾಗಿ ತೀರಿಕೊಂಡ ಡಯಾಲಿಸಿಸ್ ರೋಗಿಗಳ ಮಿದುಳಿನಲ್ಲಿ ಅಲ್ಯೂಮಿನಿಯಂ ಶೇಖರವಾಗಿದ್ದನ್ನು ತೋರಿಸಿದರು. ಆಮೇಲೆ ಕ್ಯಾಲ್ಸಿಯಂ ಗುಳಿಗೆಗಳ ಕಾಲ. 1998ರಲ್ಲಿ ಅಮೆರಿಕ ಸೆವೆಲಮರ್ ಎಂಬ, ಫಾಸ್ಫೇಟ್ ಹಿಡಿಯುವ ಇನ್ನೊಂದು ಗುಳಿಗೆಗೆ ಒಪ್ಪಿಗೆ ಕೊಟ್ಟಿತು.

ಗುಳಿಗೆ ಎಷ್ಟೇ ಬದಲಾದರೂ ಪಥ್ಯ ತಪ್ಪಲಿಲ್ಲ. ಲೆಕ್ಕವೇ ಹಾಗಿದೆ. ನಾಲ್ಕು ತಾಸಿನ ಡಯಾಲಿಸಿಸ್ ತೆಗೆಯುವುದು ಸುಮಾರು 800 ಮಿಲಿಗ್ರಾಂ ಫಾಸ್ಫರಸ್, ಅದೂ ವಾರಕ್ಕೆ ಎರಡು ಮೂರು ಸಲ. ತಟ್ಟೆಯಿಂದ ಅಷ್ಟು ದಿನಾಲೂ ಬರುತ್ತದೆ.

ನಮ್ಮ ಮಂಡಕ್ಕಿ ಊರು ದಾವಣಗೆರೆಗೆ ಜೆಜೆಎಂ ವೈದ್ಯಕೀಯ ಕಾಲೇಜು 1965ರಲ್ಲೇ ಬಂತು. ಬಡವರಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಉಚಿತ ಡಯಾಲಿಸಿಸ್ ಕೊಡುವ ರಾಷ್ಟ್ರೀಯ ಕಾರ್ಯಕ್ರಮ ಘೋಷಣೆಯಾದದ್ದು ಮಾತ್ರ 2016ರ ಬಜೆಟ್‌ನಲ್ಲಿ. ಡಯಾಲಿಸಿಸ್ ಹೀಗೆ ಹತ್ತಿರ ಬಂದರೂ, ಪಶ್ಚಿಮದಲ್ಲಿ ಬೆಳೆದ ಪಥ್ಯದ ಪಟ್ಟಿಗಳಲ್ಲಿ ಚೀಸು, ಮಾಂಸ, ಕೋಲಾಗಳದ್ದೇ ದರ್ಬಾರು. ಇಲ್ಲಿನ ಸರಸ್ವತಿ ನಗರದ ಅಥವಾ ಪಕ್ಕದ ಹರಿಹರದ ಮನೆಯಲ್ಲಿ ಸಂಜೆ ಆರಕ್ಕೆ ಎದುರಿಗಿರುವುದು ಖಾರ ಮಂಡಕ್ಕಿ, ಮಿರ್ಚಿ, ಹಾಲಿನ ಚಹಾ.

ಈ ಮಂಡಕ್ಕಿಯನ್ನೇ ನೋಡಿ. ಪಾಲಿಶ್ ಅಕ್ಕಿಯದ್ದಾದ್ದರಿಂದ ಫಾಸ್ಫರಸ್ ಕಡಿಮೆ. ಆದರೆ ಭಟ್ಟಿಯಲ್ಲಿ ಉಪ್ಪುಣಿಸಿ ಹುರಿದದ್ದು, ತಿಂದರೆ ದಾಹ, ನೀರು ಕುಡಿದರೆ ಮೈ ಬಾವು. ಅದಕ್ಕೆ ಬೆರೆಸುವ ಶೇಂಗಾ, ಪುಟಾಣಿಯಲ್ಲಿ ಫಾಸ್ಫರಸ್ ಹೆಚ್ಚು. ಹಾಗೆಂದು ಬೇಳೆಕಾಳನ್ನೆಲ್ಲ ಕಿತ್ತುಹಾಕುವ ಹಳೆಯ ಸಲಹೆ ಒರಟಾಯಿತು. ಕಾಳಿನ ಫಾಸ್ಫರಸ್ ಬಹುಪಾಲು ಫೈಟೇಟ್ ರೂಪದಲ್ಲಿರುತ್ತದೆ, ನಮ್ಮ ಕರುಳು ಅದನ್ನು ಪೂರಾ ಹೀರಲಾರದು. 2011ರಲ್ಲಿ ಅಮೆರಿಕದ ಶರಾನ್ ಮೋ ತಂಡ, ಇನ್ನೂ ಡಯಾಲಿಸಿಸ್‌ಗೆ ಬಾರದ ಕೆಲವೇ ಕಿಡ್ನಿ ರೋಗಿಗಳಲ್ಲಿ, ಸಸ್ಯಾಹಾರದಿಂದ ರಕ್ತದ ಫಾಸ್ಫರಸ್ ಇಳಿದದ್ದನ್ನು ಕಂಡಿತು. ಪೊಟ್ಟಣದ ತಿನಿಸು, ಕೋಲಾಗಳಿಗೆ ಸೇರಿಸಿದ ಫಾಸ್ಫೇಟ್ ಮಾತ್ರ ಹೆಚ್ಚುಕಮ್ಮಿ ಪೂರ್ತಿ ರಕ್ತಕ್ಕಿಳಿಯುತ್ತದೆ.

ಹೋಳಿಗೆಗೆ ಬೇಯಿಸಿದ ಬೇಳೆಯನ್ನು ಬಸಿದಾಗ ಪೊಟ್ಯಾಸಿಯಂ, ಫಾಸ್ಫರಸ್‌ಗಳ ಒಂದು ಪಾಲು ಕಟ್ಟಿಗಿಳಿಯುತ್ತದೆ. ಆ ಕಟ್ಟಿನಿಂದಲೇ ನಾವು ಘಮಘಮ ಸಾರು ಮಾಡುತ್ತೇವೆ! ಮನೆಮಂದಿ ಉಣ್ಣಲಿ, ರೋಗಿಗೆ ಬೇಡ.

ಆಹಾರ ತಜ್ಞರ ಬಳಿ ಹೋಗುವಾಗ ಸಂಜೆಯ ತಿಂಡಿಯನ್ನೂ ಮುಚ್ಚಿಡದೆ ಹೇಳಿ. ಫಾಸ್ಫರಸ್ ಹಿಡಿಯುವ ಗುಳಿಗೆ ಕೆಲಸ ಮಾಡುವುದು ಆಹಾರದ ಜೊತೆ ಹೊಟ್ಟೆಗೆ ಹೋದರೆ ಮಾತ್ರ. ತಿಂಡಿಗೂ ಬೇಕೇ, ಎಷ್ಟು ಬೇಕು ಎಂದು ವೈದ್ಯರನ್ನೇ ಕೇಳಿ.