ಎಲ್ಲೆ ಮತ್ತು ಬಿಂದು: ಸೋಲಿಗರ ನೆಲನಕ್ಷೆಯಲ್ಲಿ ಹೊಸ ತಲೆಮಾರು

ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಕಾಡು ಎಂದರೆ ಕುಲಗಳು ಹಂಚಿಕೊಂಡ ನೆಲ. ಕುಲಕ್ಕೊಂದು ಎಲ್ಲೆ; ಆ ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು (ಕಾಯುವ ಶಕ್ತಿ), ಅಬ್ಬಿ (ನೀರಿನ ತಾಣ), ಕಲ್ಲುಗುಡಿ (ಸತ್ತವರ ಕಲ್ಲು) ಎಂದು ಐದು ಬಗೆಯ ತಾಣಗಳು. ಈ ತಿಳಿವಳಿಕೆ ಉಳಿದು ಬಂದದ್ದು ಹಾಡಿನಲ್ಲಿ, ಹಬ್ಬದಲ್ಲಿ, ನಡೆದ ಕಾಲುಗಳಲ್ಲಿ. 1974ರಲ್ಲಿ ವನ್ಯಧಾಮ ಘೋಷಣೆಯಾಗಿ, ಜನ ಕಾಡಿನೊಳಗಿನ ನೆಲೆ ಬಿಟ್ಟು ಪೋಡುಗಳೆಂಬ ಈಗಿನ ಹಾಡಿಗಳಿಗೆ ಬಂದು ನೆಲೆಸಬೇಕಾಯಿತು. ಆ ನಡಿಗೆ ಕಡಿಯಿತು. ಆಮೇಲೆ ಹುಟ್ಟಿದ ಅನೇಕರಿಗೆ ತಾತನ ಕಲ್ಲುಗುಡಿ ಬರೀ ಹೆಸರಾಗಿ ಉಳಿಯಿತು.

2006ರ ಅರಣ್ಯ ಹಕ್ಕು ಕಾಯ್ದೆ ಬಂದ ಮೇಲೆ ಈ ತಾಣಗಳನ್ನು ಸರ್ಕಾರಕ್ಕೆ ಅರ್ಥವಾಗುವ ಭಾಷೆಯಲ್ಲಿ ತೋರಿಸಬೇಕಿತ್ತು. ಸೋಲಿಗರು ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರ ಜತೆಗೂಡಿ ಜಿಪಿಎಸ್ ಹಿಡಿದು ನಕ್ಷೆ ಮಾಡಿದ್ದು ಈ ಕಾರಣಕ್ಕೆ ಮಹತ್ವದ್ದು. ದಟ್ಟ ಮರಗಳ ಅಡಿಯಲ್ಲಿ ಉಪಗ್ರಹದ ಸಂಕೇತ ಕೂಡಲೇ ಸಿಗುವುದಿಲ್ಲ, ನಿಂತು ಕಾಯಬೇಕು. ಸಿಕ್ಕ ಮೇಲೂ ಅಂಗೈ ಅಗಲದ ಆ ಯಂತ್ರ ಕೊಡುವುದು ಅಕ್ಷಾಂಶ, ರೇಖಾಂಶದಂಥ ಅಂಕಿಗಳನ್ನಷ್ಟೇ. ಎದುರಿನ ಕಲ್ಲು ಯಾವ ಕುಲದ್ದು, ಪೂಜೆ ಯಾರ ಹೊಣೆ ಎಂಬುದನ್ನು ದಾರಿ ಬಲ್ಲ ಹಿರಿಯರೇ ಹೇಳಬೇಕು. ಯಂತ್ರ ಹಿಡಿದವನು ಅವರ ಹಿಂದೆಯೇ ನಡೆಯಬೇಕು. ಕಡಿದ ನಡಿಗೆ ಹೀಗೆ ಮತ್ತೆ ಕೂಡಿಕೊಂಡದ್ದನ್ನು ನಾನು ನಕ್ಷೆಗಿಂತ ದೊಡ್ಡ ಫಲವೆಂದು ಎಣಿಸುತ್ತೇನೆ.

2011ರ ಜನವರಿಯಲ್ಲಿ ಈ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ದೊರೆಯಿತು.

ಜಿಪಿಎಸ್ ಅಷ್ಟೇ ಅಲ್ಲ, ಈಗ ಮೊಬೈಲೂ ಪೋಡಿಗೆ ಬಂದಿದೆ; ಸೋಲಿಗರ ಗೊರುಕನ ಹಾಡು ಯೂಟ್ಯೂಬಿನಲ್ಲಿದೆ. ರಾತ್ರಿಯಿಡೀ ಕೂಡಿ ಕುಣಿಯುತ್ತ ಹಾಡುವ ಹಾಡು ಕೆಲವೇ ನಿಮಿಷಕ್ಕೆ ಇಳಿದಾಗ ಕಳೆದುಹೋಗುವುದು ಬಹಳ. ಆದರೂ ಮೈಸೂರಿನ ಹಾಸ್ಟೆಲಿನಲ್ಲಿ ಓದುವ ಹುಡುಗಿಗೆ ಅದನ್ನು ತಲುಪಿಸಬಲ್ಲದ್ದು ಆ ತುಣುಕೇ. ಅದನ್ನು ಹಗುರವಾಗಿ ಕಾಣುವುದು ಸರಿಯಲ್ಲ.

ನಕ್ಷೆಯ ವಿಷಯ ಇನ್ನೂ ಸೂಕ್ಷ್ಮ. ಸೋಲಿಗರು ಪೂಜಿಸುವ ದೊಡ್ಡ ಸಂಪಿಗೆ ಮರವನ್ನು ನೋಡಲು ದೂರದ ಭಕ್ತರೂ ಬರುತ್ತಾರೆ, ಅದರ ಜಾಗ ಎಲ್ಲರಿಗೂ ಗೊತ್ತು. ಕಲ್ಲುಗುಡಿ ಹಾಗಲ್ಲ, ಅದು ಸತ್ತವರ ನೆಲೆ. ಅದರ ಬಿಂದುವನ್ನು ಹೊರಗಿನವರ ಪರದೆಯ ಮೇಲೆ ತೆರೆದಿಡಬೇಕೆ ಎಂಬುದನ್ನು ಆಯಾ ಕುಲದ ಹಿರಿಯರೂ ಕಿರಿಯರೂ ಗ್ರಾಮಸಭೆಯಲ್ಲಿ ಕೂತು ತೀರ್ಮಾನಿಸಬೇಕು. ಸಂಶೋಧಕರ ಕಂಪ್ಯೂಟರಿನಲ್ಲಿರುವ ಪ್ರತಿಗೂ ಆ ತೀರ್ಮಾನವೇ ಅನ್ವಯಿಸಬೇಕು.